ಕೈ ಎತ್ತುವ ಮುನ್ನ ಒಂದು ವಾಕ್ಯ

ಕಾಲೇಜು ಪ್ರವೇಶದ ಕ್ಷೇತ್ರದಲ್ಲಿ ಹೆಸರು ಮಾಡಿದವರು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಭಾಷಣಗಳಿಂದ ಹೆಸರು ಮಾಡಿದವರಿದ್ದಾರೆ, ಅಂಕಿಅಂಶಗಳಿಂದ ಮಾಡಿದವರಿದ್ದಾರೆ, ಬಂದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯನ್ನು ಬಾಗಿಲಿನಿಂದಲೇ ಕಳಿಸಿದೆವೆಂದು ಹೇಳಿಕೊಂಡು ದೊಡ್ಡವರಾದವರೂ ಇದ್ದಾರೆ. ಆದರೆ ಪ್ರತಿಯೊಂದು ಅರ್ಜಿಯ ಹಿಂದೆಯೂ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಪೆನ್ನಿನ ತುದಿ ಕಚ್ಚುತ್ತ ಕುಳಿತ ಒಂದು ಮಗು ಇದೆಯೆಂಬುದನ್ನು ಮೂವತ್ತೊಂದು ವರ್ಷಗಳಲ್ಲಿ ಒಂದು ದಿನವೂ ಮರೆಯದವರು ನನಗೆ ತಿಳಿದಂತೆ ಒಬ್ಬರೇ. ನಮ್ಮ ವೆದರ್‌ಬಿ ಕಾಲೇಜಿನ ಪ್ರವೇಶಾತಿ ಕಚೇರಿಯಿಂದ ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಅರ್ನೆಸ್ಟೀನ್ ಗ್ಯಾಡ್ಸ್‌ಡನ್ ಅವರೇ ಆ ಒಬ್ಬರು.

ಈ ಅಭಿನಂದನ ಸಂಪುಟದ ಸಂಪಾದಕರು ‘ಹಿತವಾದ ನೆನಪುಗಳನ್ನು’ ಬರೆದುಕೊಡಿ ಎಂದು ಕೇಳಿದ್ದರು. ಸನ್ಮಾನಿತರನ್ನೇ ವಿಚಾರಿಸಿದೆ. ಅವರು ಕನ್ನಡಕ ಒರೆಸುತ್ತ, “ಹಿತವಾದದ್ದನ್ನ ಬರೆಯೋಕೆ ಉಳಿದ ಹದಿನೆಂಟು ಜನ ಇದ್ದಾರೆ. ನೀನು ಕೀಯೋನಾ ವಿಷಯ ಬರಿ, ಡೆಲ್ಫೀನ್. ಬರೀದಿದ್ರೆ ನಿನ್ನ ಲೇಖನವೇ ಬೇಡ” ಎಂದರು. ಆದ್ದರಿಂದ ಓದುಗರು ಕ್ಷಮಿಸಬೇಕು.

ಅರ್ನೆಸ್ಟೀನ್ ಅವರು ಈ ಕಚೇರಿಗೆ ಬಂದದ್ದು ೧೯೯೪ರಲ್ಲಿ. ಆಗ ಇಲ್ಲಿ ಕಪ್ಪು ಜನಾಂಗದವರೆಂದರೆ ಅವರು ಮತ್ತು ನೆಲ ಒರೆಸುತ್ತಿದ್ದ ಮುದುಕರೊಬ್ಬರು, ಇಬ್ಬರೇ. ಮೊದಲ ಚಳಿಗಾಲದಲ್ಲೇ ಅವರು ಒಂದು ಪದ್ಧತಿ ಹಾಕಿಕೊಟ್ಟರು. ಏಳು ಜನರ ಸಮಿತಿ ಒಂದು ಅರ್ಜಿಯ ಮೇಲೆ ಕೈ ಎತ್ತುವ ಮುನ್ನ, ಆ ಮಗು ಬರೆದ ಪ್ರಬಂಧದಿಂದ ಒಂದೇ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ಓದುವಾಗ ಯಾರೂ ಕಾಫಿ ಕುಡಿಯಬಾರದು, ಕಾಗದ ಮಗುಚಬಾರದು. ಮೊದಮೊದಲು ಇದನ್ನು ಪ್ರಾರ್ಥನೆಯೆಂದು ಗೇಲಿ ಮಾಡಿದವರು ಆಮೇಲೆ ತಾವೇ ಒಳ್ಳೆಯ ವಾಕ್ಯ ಹುಡುಕಲು ಪೈಪೋಟಿಗಿಳಿದರು. ಆ ಪದ್ಧತಿ ಇವತ್ತಿಗೂ ನಡೆದಿದೆ.

೧೯೯೯ರಲ್ಲಿ ಅವರು ಓದಿದ ಒಂದು ವಾಕ್ಯ ನನ್ನದು. ಟೊಲೀಡೊ ನಗರದ ಬಸ್ ಚಾಲಕಿಯ ಮಗಳು ನಾನು. “ನಮ್ಮ ಮನೆಯಲ್ಲಿ ಅಲಾರಂ ಇಲ್ಲ, ಅಮ್ಮ ಡಿಪೋದಿಂದ ಫೋನ್ ಮಾಡಿ ನಾನು ಹಾಸಿಗೆಯಿಂದ ಎದ್ದ ಸದ್ದು ಕೇಳುವವರೆಗೂ ಬಸ್ಸು ಹೊರಡಿಸುವುದಿಲ್ಲ” ಎಂದು ಬರೆದಿದ್ದೆ. ಐದು ಕೈ ಮೇಲೆದ್ದವಂತೆ. ಆಗಸ್ಟ್ ತಿಂಗಳಲ್ಲಿ ನಾನು ಎರಡು ಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ಇಳಿದಾಗ, ಬಿಸಿಲು ಹೊಡೆಯುತ್ತಿದ್ದರೂ ತೋಳಿನ ಮೇಲೆ ದಪ್ಪ ಉಣ್ಣೆ ಕೋಟು ಹೊತ್ತ ಹೆಂಗಸೊಬ್ಬರು ನಿಂತಿದ್ದರು. “ಈಗ ನಗ್ತೀಯ, ನವೆಂಬರಲ್ಲಿ ನನ್ನ ಕಾಲಿಗೆ ಬೀಳ್ತೀಯ” ಎಂದು ಅರ್ನೆಸ್ಟೀನ್ ಅವರು ಕೋಟನ್ನು ನನ್ನ ಹೆಗಲಿಗೆ ಹಾಕಿದರು. ನವೆಂಬರಿನವರೆಗೆ ಕಾಯಬೇಕಾಗಲಿಲ್ಲ, ಅಕ್ಟೋಬರಿನಲ್ಲೇ ಹಿಮ ಬಿತ್ತು.

ಅವರ ಉಪಕಾರಗಳಲ್ಲಿ ನಮ್ಮ ಹುಡುಗಿಯರು ಎಂದಿಗೂ ಮರೆಯದ್ದೆಂದರೆ ಶನಿವಾರದ ವ್ಯಾನು. ಕಪ್ಪು ಜನಾಂಗದ ನಮ್ಮ ಬಿಗಿ ಗುಂಗುರು ಕೂದಲನ್ನು ಮುಟ್ಟಬಲ್ಲ ಸಲೂನು ಈ ಊರಿನಲ್ಲಿಲ್ಲ, ನಲವತ್ತು ಮೈಲಿ ಆಚೆಗಿದೆ. ತಿಂಗಳಿಗೆರಡು ಶನಿವಾರ ಅವರು ಕಾಲೇಜಿನ ವ್ಯಾನನ್ನು ತಾವೇ ಓಡಿಸಿಕೊಂಡು ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಹನ್ನೆರಡು ಸೀಟಿನ ವ್ಯಾನು ಸಾಲದೆ ಎರಡು ಸುತ್ತು ಹೋಗಬೇಕಾಗುತ್ತಿತ್ತು. ಮೊದಲ ಸುತ್ತಿಗೆ ಯಾರೆಂಬ ಜಗಳವನ್ನೂ ಅವರೇ ಬಗೆಹರಿಸಬೇಕಾಗುತ್ತಿತ್ತು. ಹಿಂದಿರುಗುವಾಗ ಅವರ ಮನೆಯಲ್ಲಿ ಟೊಮೇಟೊ ಹಾಕಿ ಕೆಂಪಗೆ ಬೇಯಿಸಿದ ಅನ್ನ, ಹುರಿದ ಮೀನು. ಓದು ಮುಗಿಸಿ ಒಂಬತ್ತು ವರ್ಷ ಬೇರೆಡೆ ದುಡಿದು, ನಾನು ಅದೇ ಕಚೇರಿಗೆ ಅವರ ಸಹೋದ್ಯೋಗಿಯಾಗಿ ಬಂದಾಗ, ವ್ಯಾನಿನ ಇನ್ನೊಂದು ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಇನ್ನು ಅಹಿತವಾದದ್ದಕ್ಕೆ ಬರುತ್ತೇನೆ. ೨೦೨೩ರ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಅಲ್ಲಿಯವರೆಗೆ ಕಪ್ಪು ಮಕ್ಕಳಿಗೆ ಅವಕಾಶ ಹೆಚ್ಚಿಸಲು ಜನಾಂಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದಿತ್ತು; ಇನ್ನು ಪ್ರವೇಶ ನೀಡುವಾಗ ಅದನ್ನು ಪರಿಗಣಿಸುವಂತಿಲ್ಲ ಎಂದಾಯಿತು. ಬೇರೆ ಕಾಲೇಜುಗಳು ಏನು ಮಾಡಿದವೋ ನಾನರಿಯೆ, ನಮ್ಮಲ್ಲಿ ವಕೀಲರು ಬಂದು ಕುಳಿತರು. ಅರ್ಜಿಯಲ್ಲಿ ಜನಾಂಗವನ್ನು ಗುರುತು ಹಾಕುವ ಚೌಕ ಮರೆಯಾಯಿತು, ಸಮಿತಿಯ ಮುಂದೆ ಬರುವ ಕಡತದಲ್ಲಿ ಹೆಸರು ಹೋಗಿ ಸಂಖ್ಯೆ ಬಂತು, ಯಾವ ಪ್ರದೇಶವನ್ನು ಯಾರು ಬಲ್ಲರೋ ಆ ಪ್ರದೇಶದ ಕಡತ ಅವರ ಕೈಗೆ ಹೋಗದಂತೆ ಅದಲುಬದಲು ಮಾಡಲಾಯಿತು. ಕಡತದಿಂದಲ್ಲದೆ ಬೇರೆ ರೀತಿಯಲ್ಲಿ ಒಂದು ಮಗುವಿನ ಜನಾಂಗ ಯಾರಿಗಾದರೂ ತಿಳಿದಿದ್ದರೆ ಅವರು ಬಾಯಿ ಬಿಡದೆ ಕೋಣೆಯಿಂದ ಎದ್ದುಹೋಗಬೇಕೆಂಬ ನಿಯಮವೂ ಆಯಿತು. ಅರ್ಜಿ ಹಾಕಬಲ್ಲ ಮಕ್ಕಳನ್ನು ಹುಡುಕುತ್ತ ನಾವು ಭೇಟಿ ಕೊಡುವ ಪ್ರತಿ ಶಾಲೆಯಲ್ಲಿ ಓದಿ ಹೇಳಬೇಕೆಂದು ಎರಡು ಪ್ಯಾರಾಗಳ ಕಾಗದವೊಂದನ್ನು ಕೊಟ್ಟರು. ಜನಾಂಗವನ್ನು ನಾವು ನೋಡುವುದಿಲ್ಲ ಎಂದು ಮೊದಲ ಪ್ಯಾರಾ. ಮಗು ತನ್ನ ಬದುಕಿನ ಬಗ್ಗೆ ಬರೆದುಕೊಳ್ಳಲು ಅಡ್ಡಿಯಿಲ್ಲ ಎಂಬ ಅರ್ಥದ ಎರಡನೆಯ ಪ್ಯಾರಾ ಎಷ್ಟು ಗೋಜಲಾಗಿತ್ತೆಂದರೆ ಬರೆದವರಿಗೂ ಅದು ಅರ್ಥವಾಗಿತ್ತೋ ಇಲ್ಲವೋ.

ಆ ಅಕ್ಟೋಬರಿನಲ್ಲಿ ಅರ್ನೆಸ್ಟೀನ್ ಅವರು ಎಂದಿನಂತೆ ದಕ್ಷಿಣ ಕೆರೊಲಿನಾದ ಕರಾವಳಿಯ ಕೂಸಾ ಫೆರಿ ಎಂಬ ಊರಿನ ಸರ್ಕಾರಿ ಪ್ರೌಢಶಾಲೆಗೆ ಹೋದರು. ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ಶಾಲೆ. ಮೊದಲು ಅಲ್ಲಿ ಹಳೆಯ ಊರಿನ ಕಪ್ಪು ಮಕ್ಕಳಷ್ಟೇ ಇದ್ದರು; ಈಚೆಗೆ ಎರಡು ಶಾಲೆಗಳನ್ನು ಕೂಡಿಸಿದ್ದರಿಂದ ಸಮುದ್ರದಂಚಿನ ಗಾಲ್ಫ್ ಬಡಾವಣೆಯ ಶ್ರೀಮಂತರ ಮಕ್ಕಳೂ ಅಲ್ಲಿಗೇ ಬರುತ್ತಿದ್ದರು. ಅಂದು ಬೆಳಿಗ್ಗೆ ಕೀಯೋನಾ ಫ್ರೇಜರ್ ಎಂಬ ಹುಡುಗಿ ಅವರ ಪಕ್ಕದಲ್ಲಿ ಕುಳಿತು, ತಾನು ತಿಂಗಳಿಗೊಮ್ಮೆ ಮಾಡುವ ಕೆಲಸವೊಂದನ್ನು ಹೇಳಿದಳು. ಅದೇನೆಂದು ಕೊನೆಗೆ ಹೇಳುತ್ತೇನೆ. ಅರ್ನೆಸ್ಟೀನ್ ಅವರು ಅವಳ ಕೈ ಹಿಡಿದು, “ಇದನ್ನೇ ಬರಿ ಮಗಳೇ. ಹೀಗೇ ಬರಿ. ಒಂದಕ್ಷರ ಅಲಂಕಾರ ಮಾಡಬೇಡ” ಎಂದರಂತೆ.

ಮಧ್ಯಾಹ್ನ, ಮಕ್ಕಳಿಗೆ ಅರ್ಜಿ ತುಂಬಲು ನೆರವಾಗುವ ಮೇಷ್ಟ್ರು ಥಡಿಯಸ್ ಮಜೀಕ್ ಅವರ ಕೋಣೆಯಲ್ಲಿ ಕುಳಿತು ವಕೀಲರ ಕಾಗದವನ್ನು ಓದಿದರು. ಓದಲೇಬೇಕಿತ್ತು, ಓದಿದೆನೆಂದು ಸಹಿ ಮಾಡಬೇಕಿತ್ತು.

“ಹಾಗಾದ್ರೆ ನಮ್ಮ ಮಕ್ಕಳು ಏನ್ ಬರೀಬೇಕು ಮಿಸ್ ಅರ್ನೆಸ್ಟೀನ್?” ಎಂದು ಮಜೀಕ್ ಕೇಳಿದರು. “ಒಂದು ಮಾತು ಹೆಚ್ಚು ಕಡಿಮೆ ಆದ್ರೆ ಅರ್ಜೀನೇ ಬಿಸಾಕ್ತಾರಾ?”

“ಬಿಸಾಕಲ್ಲ. ಆದ್ರೂ ಎಚ್ಚರಿಕೆಯಿಂದ ಬರೀಲಿ” ಎಂದರು ಅರ್ನೆಸ್ಟೀನ್.

ಆ ಕೊನೆಯ ಮಾತು ಕಾಗದದಲ್ಲಿರಲಿಲ್ಲ. ಅದು ಅವರದೇ ಮಾತು. ಕೋರ್ಟಿಗಿಂತ, ವಕೀಲರಿಗಿಂತ ಮಿಸ್ ಅರ್ನೆಸ್ಟೀನ್ ಅವರ ಮಾತನ್ನು ನಂಬುತ್ತಿದ್ದ ಮಜೀಕ್ ಮೇಷ್ಟ್ರು ಅದೇ ವಾರ ಮಕ್ಕಳ ಪ್ರಬಂಧಗಳ ಮುಂದೆ ಕೆಂಪು ಪೆನ್ನು ಹಿಡಿದು ಕುಳಿತರು.

೨೦೨೪ರ ಮಾರ್ಚ್ ಮೊದಲ ವಾರ ಸಮಿತಿ ಸೇರಿತು. ಒಂದು ಮಧ್ಯಾಹ್ನ ಕಿರಿಯ ಸಹೋದ್ಯೋಗಿಯೊಬ್ಬರು ಕರಾವಳಿಯ ಶಾಲೆಯೊಂದರ ಹುಡುಗಿಯ ಕಡತ ತೆರೆದು, ಅಂಕಗಳು ಬಹಳ ಚೆನ್ನಾಗಿವೆ, ಪ್ರಬಂಧ ಸಾಧಾರಣ ಎಂದು ಹೇಳಿ, ಪದ್ಧತಿಯಂತೆ ವಾಕ್ಯ ಓದಿದರು: “ಪ್ರತಿ ತಿಂಗಳೂ ಗಾಲ್ಫ್ ಬಡಾವಣೆಯೊಳಗೆ ಹುಲ್ಲು ಕತ್ತರಿಸುವುದರಿಂದ ನಾನು ಶಿಸ್ತು ಮತ್ತು ಸಮಯಪಾಲನೆಯನ್ನು ಕಲಿತಿದ್ದೇನೆ.”

ಎಲ್ಲರಿಗೂ ಬೇಸರ ಬಂದಿತ್ತು. ನಾನು ನಗಿಸಲು ಹೊರಟೆ. “ಪಾಪ, ಅಪ್ಪನ ಹುಲ್ಲುಹಾಸನ್ನ ತಾನೇ ಕತ್ತರಿಸಿದಳಂತೆ. ಬೆಳಿಗ್ಗೆಯಿಂದ ಇಂಥ ತ್ಯಾಗ ಇದು ಎಂಟನೇದು” ಎಂದೆ. ಎಲ್ಲರೂ ನಕ್ಕರು.

ಅರ್ನೆಸ್ಟೀನ್ ಅವರು ನಗಲಿಲ್ಲ. ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರು. “ಈ ಮಗು ನನಗೆ ಗೊತ್ತು. ಕಡತದಲ್ಲಿಲ್ಲದ್ದು ಗೊತ್ತು. ನಾನು ಹೊರಗಿರ್ತೀನಿ” ಎಂದು ಎದ್ದುಹೋದರು. ಆ ಇಡೀ ವಾರದಲ್ಲಿ ಹಾಗೆ ಎದ್ದುಹೋದವರು ಅವರೊಬ್ಬರೇ. ದುಬಾರಿ ಖಾಸಗಿ ಶಾಲೆಗಳ ಮಕ್ಕಳ ಜೊತೆ ಊಟ ಮಾಡಿ, ಅವರ ದೋಣಿ ಪಂದ್ಯ ನೋಡಿ ಬಂದವರು ನಮ್ಮಲ್ಲೇ ಮೂವರಿದ್ದರು. ಸಂಖ್ಯೆಯ ಹಿಂದೆ ಯಾವ ಮಗುವಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು, ಒಬ್ಬರೂ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ.

ಬಾಗಿಲು ಮುಚ್ಚಿತು. ಅವರು ಎದ್ದುಹೋದದ್ದರಿಂದ ಯಾರೂ ಏನನ್ನೂ ಊಹಿಸಬಾರದೆಂದು ಅಧ್ಯಕ್ಷರು ಹೇಳಿದರು. ನಾನು ಊಹಿಸಿದೆ. ಹುಡುಗಿ ನಮ್ಮವಳಿರಬೇಕು ಎನ್ನಿಸಿತು, ಹಾಗೆನ್ನಿಸಿದ್ದರಿಂದಲೇ ಹೆದರಿಕೆಯಾಯಿತು. ಉಳಿದ ಆರು ಜನರಲ್ಲಿ ಕಪ್ಪು ಮುಖ ನನ್ನದೊಂದೇ. ಈಗಷ್ಟೇ ಗೇಲಿ ಮಾಡಿದವಳು ಈಗ ಕೈ ಎತ್ತಿದರೆ ಯಾವ ಕಾರಣಕ್ಕೆ ಎತ್ತಿದಳೆಂದು ಎಲ್ಲರಿಗೂ ತಿಳಿಯುತ್ತದೆ, ನಾಳೆ ವಕೀಲರೂ ಕೇಳುತ್ತಾರೆ. ನಾಲ್ಕು ಕೈ ಬೇಕಿತ್ತು. ಮೂರು ಕೈ ಎದ್ದವು. ನನ್ನೆರಡು ಕೈಗಳೂ ಮೇಜಿನ ಕೆಳಗೆ, ತೊಡೆಯ ಮೇಲಿದ್ದವು.

ಏಪ್ರಿಲ್ ತಿಂಗಳಲ್ಲಿ ಮಜೀಕ್ ಮೇಷ್ಟ್ರು ಅರ್ನೆಸ್ಟೀನ್ ಅವರಿಗೆ ಫೋನ್ ಮಾಡಿದರು. “ನೀವು ಹೇಳಿದ ಹಾಗೇ ಮಾಡಿದೆನಲ್ಲ ಮಿಸ್ ಅರ್ನೆಸ್ಟೀನ್, ಎಲ್ಲಾ ಎಚ್ಚರಿಕೆಯಿಂದ ಹೊಡೆದುಹಾಕಿದೆ. ಮತ್ತೆಲ್ಲಿ ತಪ್ಪಾಯ್ತು?” ಎಂದು ಕೇಳಿದರಂತೆ. ಕೀಯೋನಾಳ ಮೊದಲ ಪ್ರತಿಯನ್ನು, ಕೆಂಪು ಗೆರೆಗಳ ಸಮೇತ, ಕಳಿಸಿಕೊಟ್ಟರು. ಮರುದಿನ ಬೆಳಿಗ್ಗೆ ಅದು ನನ್ನ ಮೇಜಿನ ಮೇಲಿತ್ತು. ಅವರು ಎದುರಿಗೆ ನಿಂತಿದ್ದರು.

“ಓದು.”

ಓದಿದೆ. ಇನ್ನೊಮ್ಮೆ ಓದಿದೆ. ಕೊನೆಗೆ ಸಿಟ್ಟು ಬಂತು, ಅವರ ಮೇಲೆಯೇ. “ನಿಮಗೆ ಗೊತ್ತಿತ್ತು. ಸುಮ್ನೆ ಕೂತಿದ್ರೆ ನಾಲ್ಕನೇ ಕೈ ನಿಮ್ಮದಾಗ್ತಿತ್ತು. ಬೇರೆಯವರು ಕೂತಿರ್ಲಿಲ್ವಾ? ಯಾರು ನೋಡ್ತಿದ್ರು?”

“ಬೇರೆಯವರನ್ನ ಯಾರೂ ನೋಡ್ತಿರ್ಲಿಲ್ಲ, ನನ್ನನ್ನ ನೋಡ್ತಿದ್ರು” ಎಂದರು. “ಒಬ್ಬಳಿಗೋಸ್ಕರ ನಾನು ಗೊತ್ತಿಲ್ಲದ ಹಾಗೆ ಕೂತ್ಕೊಂಡೆ ಅಂತ ಗೊತ್ತಾದ್ರೆ, ಮೂವತ್ತು ವರ್ಷದಿಂದ ತಂದೋರನ್ನೆಲ್ಲ ಸುಳ್ಳು ಹೇಳೇ ತಂದಳು ಅಂತಾರೆ. ನಿನ್ನನ್ನೂ ಸೇರಿಸಿ.” ಕೆಂಪು ಗೆರೆಯ ಮೇಲೆ ಬೆರಳಿಟ್ಟು, “ನೀನು ಕೈ ಎತ್ತಲಿಲ್ಲ, ಸರಿ. ನಾನು ಅದಕ್ಕೆ ಮುಂಚೆನೇ ಅವಳ ಬಾಯಿ ಮುಚ್ಚಿಸಿದ್ದೆ. ಇಬ್ಬರದೂ ಇದೆ ಇದರಲ್ಲಿ. ಅಳೋದಾದ್ರೆ ಬಾಗಿಲು ಹಾಕ್ಕೊಂಡು ಅಳು, ಹತ್ತು ಗಂಟೆಗೆ ಮೀಟಿಂಗ್ ಇದೆ” ಎಂದರು.

ಆ ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದರು. ಅದರ ಹಿಂದಿನ ವರ್ಷ ಅರವತ್ತೊಂದು ಕಪ್ಪು ವಿದ್ಯಾರ್ಥಿಗಳು ಸೇರಿದ್ದರು, ಈ ಸಲ ಹತ್ತೊಂಬತ್ತು. ಕಾಲೇಜು ಪ್ರಕಟಣೆ ಹೊರಡಿಸಿ ಬಣ್ಣದ ಫೋಟೊ ಹಾಕಿತು; ಫೋಟೊದಲ್ಲಿ ಆ ಹತ್ತೊಂಬತ್ತರಲ್ಲಿ ಏಳು ಮಂದಿಯನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಮೊದಲ ಶನಿವಾರ ವ್ಯಾನು ನಾನು ಓಡಿಸಿದೆ, ಅರ್ನೆಸ್ಟೀನ್ ಅವರು ಪಕ್ಕದಲ್ಲಿ ಕುಳಿತಿದ್ದರು. ಹಿಂದೆ ನಾಲ್ವರು ಹುಡುಗಿಯರು, ಒಬ್ಬೊಬ್ಬಳು ಒಂದೊಂದು ಸಾಲಿನಲ್ಲಿ. ನಲವತ್ತು ಮೈಲಿ ಯಾರೂ ಜಗಳವಾಡಲಿಲ್ಲ. ಊರು ದಾಟಿದ ಮೇಲೆ ಅರ್ನೆಸ್ಟೀನ್ ಅವರು ಹಿಂತಿರುಗಿ, “ಯಾರಾದ್ರೂ ಏನಾದ್ರೂ ಮಾತಾಡ್ರೇ” ಎಂದರು. ಅವರು ಬೇಡಿಕೊಂಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅದೇ ತಿಂಗಳು ನಿವೃತ್ತಿಯ ಪತ್ರ ಕೊಟ್ಟರು. ಈ ವಸಂತದ ರಜೆಯಲ್ಲಿ ನಾವಿಬ್ಬರೂ ಕೂಸಾ ಫೆರಿಗೆ ಹೋದೆವು. ಕೀಯೋನಾ ಈಗ ಮನೆಯಿಂದಲೇ ಹತ್ತಿರದ ಸರ್ಕಾರಿ ಕಾಲೇಜಿಗೆ ಹೋಗಿಬರುತ್ತಾಳೆ. ನಾನು ನನ್ನ ಕೈಯ ಕಥೆಯನ್ನು ಹೇಳಿದೆ, ಅರ್ನೆಸ್ಟೀನ್ ಅವರು ತಮ್ಮ ಮಾತಿನ ಕಥೆಯನ್ನು ಹೇಳಿದರು. ಅವಳು ಸಿಹಿ ಚಹದ ಲೋಟ ತಿರುಗಿಸುತ್ತ ಎಲ್ಲ ಕೇಳಿಸಿಕೊಂಡಳು. “ನನಗೆ ಸೀಟು ಸಿಗಲಿಲ್ಲ ಅಂತ ಅಷ್ಟು ಬೇಜಾರಾಗ್ಲಿಲ್ಲ ಮಿಸ್ ಅರ್ನೆಸ್ಟೀನ್” ಎಂದಳು. “ಅದನ್ನ ಓದಿದ ಮೇಲೂ ಬೇಡ ಅಂದ್ರು ಅಂದ್ಕೊಂಡಿದ್ದೆ, ಅದಕ್ಕೆ ಬೇಜಾರಾಗಿತ್ತು. ನೀವು ಓದೇ ಇಲ್ವಲ್ಲ.” ನಮಗೆ ಅದು ಸಮಾಧಾನವಾಗಲಿ ಎಂದು ಹೇಳಿದಳೋ ಏನೋ, ಆಗಲಿಲ್ಲ.

ಬರುವ ಆಗಸ್ಟಿನಿಂದ ಅರ್ನೆಸ್ಟೀನ್ ಅವರು ಕೂಸಾ ಫೆರಿಯಲ್ಲೇ ಮನೆ ಹಿಡಿಯುತ್ತಿದ್ದಾರೆ. ವಾರಕ್ಕೆ ಮೂರು ದಿನ ಆ ಶಾಲೆಯ ಗ್ರಂಥಾಲಯದಲ್ಲಿ ಕುಳಿತು ಮಕ್ಕಳ ಪ್ರಬಂಧ ನೋಡುತ್ತಾರೆ. ಮಜೀಕ್ ಮೇಷ್ಟ್ರ ಕೆಂಪು ಪೆನ್ನನ್ನು ಈಗಾಗಲೇ ಕಸಿದುಕೊಂಡಿದ್ದಾರೆ. ಅವರ ಕಣ್ಣು ಮಂಜಾಗದಿರಲಿ, ಮೊಣಕಾಲಿನ ನೋವು ಮೆಟ್ಟಿಲು ಹತ್ತಲು ಬಿಡಲಿ, ಇನ್ನೂ ಬಹುಕಾಲ ಮಕ್ಕಳ ಪಕ್ಕದಲ್ಲಿ ಕುಳಿತು “ಹೀಗೇ ಬರಿ” ಎನ್ನುವಷ್ಟು ಆಯುಷ್ಯವನ್ನೂ ಆರೋಗ್ಯವನ್ನೂ ದೇವರು ಅವರಿಗೆ ಕೊಡಲಿ ಎಂದು ಈ ಕಚೇರಿಯ ಎಲ್ಲರ ಪರವಾಗಿ ಹಾರೈಸುತ್ತೇನೆ.

ಅವರ ಪದ್ಧತಿಯಂತೆ ಒಂದು ವಾಕ್ಯ ಓದಿ ಮುಗಿಸಬೇಕು. ಕೀಯೋನಾ ಫ್ರೇಜರಳ ಒಪ್ಪಿಗೆ ಪಡೆದು, ಕೆಂಪು ಗೆರೆಯ ಅಡಿಯಿಂದ ಎತ್ತಿಕೊಂಡದ್ದು ಇದು. ದಯವಿಟ್ಟು ಕಾಫಿ ಲೋಟ ಕೆಳಗಿಡಿ.

“ನಮ್ಮ ಅಜ್ಜ, ಮುತ್ತಜ್ಜಂದಿರ ಗೋರಿಗಳು ಈಗ ಗಾಲ್ಫ್ ಬಡಾವಣೆಯ ಬೇಲಿಯೊಳಗಿವೆ, ಅವುಗಳ ಮೇಲಿನ ಹುಲ್ಲು ಕತ್ತರಿಸಲು ನಾನು ಪ್ರತಿ ತಿಂಗಳೂ ಹೋಗುತ್ತೇನೆ, ನಿನಗೆ ಇಲ್ಲೇನು ಕೆಲಸ ಎಂದು ಕಾವಲುಗಾರ ಪ್ರತಿ ತಿಂಗಳೂ ಕೇಳುತ್ತಾನೆ, ನಮ್ಮವರು ಒಳಗಿದ್ದಾರೆ ಎಂದು ನಾನು ಪ್ರತಿ ತಿಂಗಳೂ ಹೇಳುತ್ತೇನೆ.”

ಸಮಿತಿಯ ಕೋಣೆಯ ಒಳಗೆ ನಾನಿದ್ದೆ. ನಾನು ಕೈ ಎತ್ತಲಿಲ್ಲ.