ತೋಟದ ಬಾಗಿಲಿಗೆ ಬೆಳೆದ ಕಲ್ಲು

ಬಂಧುಗಳೇ, ದಿನದ ದುಡಿಮೆ ಮುಗಿಸಿ ಕುಳಿತವರೇ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ. ಪಾಮುಕ್ಕಲೆಯ ಬಿಳಿ ಬೆಟ್ಟದ ಬುಡದಲ್ಲಿರುವ ನಮ್ಮೂರಿನಲ್ಲಿ ಕಾಲುವೆ ಕೆರೆಯುತ್ತಿದ್ದ ವೈಸೆಲನ ಬಾಳನ್ನು ಹೇಳುತ್ತೇನೆ. ಅವನು ಸಂತನಲ್ಲ, ಪಂಡಿತನೂ ಅಲ್ಲ. ಬದುಕಿದ್ದಷ್ಟು ಕಾಲವೂ ದಣಿದೇ ಇದ್ದ ಮನುಷ್ಯ.

ನಮ್ಮ ನೀರಿನ ಗುಣ ನಿಮಗೆ ಗೊತ್ತಿರಲಿ. ಬೆಟ್ಟದ ಹೊಟ್ಟೆಯಲ್ಲಿ ದೇವರು ಅದನ್ನು ಕಾಯಿಸುತ್ತಾನೆ. ಅಲ್ಲಿ ಅದು ಉಸಿರು ಬಿಗಿಹಿಡಿದು, ಸುಣ್ಣದ ಬಂಡೆಯನ್ನೇ ಕರಗಿಸಿ ಹೊತ್ತುಕೊಂಡು ಮೇಲೇರುತ್ತದೆ. ಬಯಲಿಗೆ ಬಂದೊಡನೆ ಆ ಉಸಿರು ಗಾಳಿಗೆ ಹಾರಿಹೋಗುತ್ತದೆ; ಉಸಿರು ಹೋದ ನೀರಿಗೆ ಕಲ್ಲು ಹೊರುವ ಶಕ್ತಿ ಉಳಿಯುವುದಿಲ್ಲ. ದಾರಿಯಲ್ಲೇ ಇಳಿಸಿಬಿಡುತ್ತದೆ. ಅಂಚಿನಿಂದ ಧುಮುಕುವಲ್ಲಿ, ತೆಳುವಾಗಿ ಹರಡುವಲ್ಲಿ ಇನ್ನೂ ಹೆಚ್ಚು. ಮೊದಲು ಹಾಲಿನ ಕೆನೆಯಷ್ಟು, ಅಂಗೈಯಿಂದ ಒರೆಸಬಹುದು. ಬಿಟ್ಟರೆ ಗಿಣ್ಣಿನಂತೆ ಗಟ್ಟಿಯಾಗುತ್ತದೆ, ಕೊನೆಗೆ ಬಂಡೆಯೇ ಆಗುತ್ತದೆ. ಎಲೆ ಬಿದ್ದರೆ ಎಲೆಯೂ ಕಲ್ಲು, ಕಡ್ಡಿ ಬಿದ್ದರೆ ಕಡ್ಡಿಯೂ ಕಲ್ಲು. ದಾಳಿಂಬೆ ತೋಟಗಳಿಗೆ ಹೋಗುವ ಕಾಲುವೆಯನ್ನು ಕೆರೆಯದೆ ಬಿಟ್ಟರೆ, ನೀರು ತನ್ನ ದಾರಿಗೆ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ.

ಆ ಗೋಡೆಯನ್ನು ಒಡೆಯುವುದೇ ವೈಸೆಲನ ಕೆಲಸ. ಒಡೆದಲ್ಲೇ ಮತ್ತೆ ಬೆಳೆಯುವ ಕಲ್ಲು. ಮುಗಿಯಿತೆಂಬುದೇ ಇಲ್ಲದ ಕೆಲಸ. ಅವನ ಅಂಗೈ ಸೀಳಿ ಬಿಳಿಚಿಕೊಂಡಿತ್ತು. ಹೆಂಡತಿ ಗುಲ್ಸುಮ್ ನಗುತ್ತಿದ್ದಳು: "ಮದ್ವೆಯಾದಾಗ ನಿಂದು ಕರೀ ಮೀಸೆ. ಮುಪ್ಪು ಬಂತೋ ಸುಣ್ಣ ಬಂತೋ, ನಂಗಂತೂ ಗೊತ್ತಾಗ್ಲಿಲ್ಲ."

ಪಕ್ಕದ ಮನೆ ಅವನ ಅಕ್ಕ ಜೆಲಿಹಾಳದು. ಎರಡು ಹಿತ್ತಲುಗಳ ನಡುವೆ ಒಂದು ಮರದ ಬಾಗಿಲು, ಅದೇ ತೋಟದ ಬಾಗಿಲು. ಚಿಲಕ ಅವಳ ಕಡೆಗಿತ್ತು. ಬೀದಿಯ ಬಾಗಿಲು ನೆಂಟರಿಗೆ, ತೋಟದ ಬಾಗಿಲು ಒಡಹುಟ್ಟಿದವರಿಗೆ. ನಮ್ಮಲ್ಲಿ ಹಾಗೆಯೇ.

ಜೆಲಿಹಾಳ ಮಗಳ ಮದುವೆ ಬಂತು. ಮದುವೆಗೆ ಕೆಶ್ಕೆಕ್ ಆಗಲೇಬೇಕು. ಗೋಧಿಯನ್ನೂ ಮಾಂಸವನ್ನೂ ಹಂಡೆಯಲ್ಲಿ ಬೇಯಿಸಿ, ಮನೆಯ ಗಂಡಸರು ಮರದ ಕೊಡತಿಯಿಂದ ಜಜ್ಜುತ್ತಾರೆ. ಮೊದಲ ಪೆಟ್ಟು ಸೋದರಮಾವನದು. ವೈಸೆಲ್ ಕೊಡತಿ ಎತ್ತಿದ. ಜೆಲಿಹಾ ಕೂಗಿದಳು: "ಆ ಸುಣ್ಣದ ಕೈಯಲ್ಲಾ? ಬೇಡಪ್ಪ ತಮ್ಮಾ, ಬಂದೋರ ಹಲ್ಲೆಲ್ಲ ಉದುರೀತು."

ಅಂಗಳವೆಲ್ಲ ನಕ್ಕಿತು. ಚರ್ಮ ಸುಲಿಯುವಷ್ಟು ತಿಕ್ಕಿ ಅವನು ಕೈ ತೊಳೆದು ಬಂದಿದ್ದನೆಂದು ಅವಳಿಗೆ ತಿಳಿದಿರಲಿಲ್ಲ. ಅವನು ಕೊಡತಿಯನ್ನು ಮೆಲ್ಲಗೆ ಕೆಳಗಿಟ್ಟು ಮನೆಗೆ ಹೋದ.

ಆ ಬೇಸಿಗೆಯಲ್ಲೇ ಎರಡು ಹಿತ್ತಲುಗಳ ನಡುವಿನ ಗೋಡೆಯ ಮೇಲೆ ಹರಿಯುವ ಕಾಲುವೆ ಬಿರುಕು ಬಿಟ್ಟಿತು. ಬಿರುಕು ಅವಳ ಪಾಲಿನ ಗೋಡೆಯಲ್ಲಿ. ನೀರು ಜಿನುಗಿದ್ದು ತೋಟದ ಬಾಗಿಲಿನ ಅವನ ಕಡೆಯ ಹೊಸ್ತಿಲಿಗೆ. "ಅವಳ ಗೋಡೆ, ಅವಳೇ ನನ್ನ ಕರೀಲಿ" ಎಂದ ಅವನು. "ಊರಿನ ಕಾಲುವೆಯೆಲ್ಲ ಕೆರೀತಾನೆ, ಇದನ್ನ ನಾನು ಬಾಯ್ಬಿಟ್ಟು ಕೇಳ್ಬೇಕಾ?" ಎಂದಳು ಅವಳು.

ದ್ವೇಷವೆಂದು ಹೇಳಲಾರೆ, ಬಂಧುಗಳೇ. ಕೋಪ ಬೇಗನೆ ಹಳತಾಯಿತು, ಉಳಿದದ್ದು ದಣಿವು. ಊರಿನ ಕಲ್ಲನ್ನೆಲ್ಲ ಕೆರೆದು ಸಂಜೆ ಬೆನ್ನು ಬಾಗಿಸಿ ಬಂದವನು ತನ್ನ ಹೊಸ್ತಿಲ ಮೇಲಿನ ಬಿಳಿ ಕೆನೆಯನ್ನು ನೋಡಿ, "ನಾಳೆ ನೋಡಿದ್ರಾಯ್ತು" ಎನ್ನುತ್ತಿದ್ದ. ಕೆನೆ ಹೊಸ್ತಿಲನ್ನು ಮುಚ್ಚಿತು, ಹಲಗೆಗಳನ್ನೇರಿತು. ವರ್ಷಗಳು ಕಳೆದವು, ಬಾಗಿಲು ಬಂಡೆಯೊಳಗೆ ಮುಳುಗಿತು.

ಜೆಲಿಹಾ ಹಾಸಿಗೆ ಹಿಡಿದಳು. ಏಳುವ ಹಾಗಿರಲಿಲ್ಲ. ಸಾಯುವವರು ತಮ್ಮವರನ್ನು ಕರೆದು "ಹಲಾಲ್ ಮಾಡು" ಎಂದು ಕೇಳುವುದು ನಮ್ಮ ರೂಢಿ. ನನ್ನ ಮೇಲೆ ನಿನ್ನ ಹಕ್ಕೇನಿದ್ದರೂ ಬಿಟ್ಟುಕೊಡು ಎಂದರ್ಥ. ದೇವರು ತನಗೆ ಸಲ್ಲಬೇಕಾದದ್ದನ್ನು ಕ್ಷಮಿಸಬಲ್ಲ. ಮನುಷ್ಯನಿಗೆ ಸಲ್ಲಬೇಕಾದದ್ದನ್ನು ಆ ಮನುಷ್ಯನಿಗೇ ಬಿಡುತ್ತಾನೆ. ಅದಕ್ಕೆಂದೇ ವೈಸೆಲ್ ಬೀದಿ ಸುತ್ತಿ ಅವಳ ಮುಂಬಾಗಿಲಿಗೆ ಬಂದು ನಿಂತ. ಒಳಗಿನಿಂದ ಬಡಕಲು ದನಿ ಕೇಳಿತು:

"ಬೀದಿ ಬಾಗ್ಲಿಂದ ಬರೋರು ನೆಂಟ್ರು. ಚಹಾ ಕೊಟ್ಟು ಕಳ್ಸಿ. ನನ್ನ ತಮ್ಮ ಆದ್ರೆ ತೋಟದ ಬಾಗ್ಲಿಂದ ಬರ್ಲಿ."

"ಅದು ಬಂಡೆಯಾಗಿ ಹೋಗಿದೆಯಲ್ಲಮ್ಮಾ" ಎಂದಳು ಮಗಳು.

"ಕಲ್ಲು ಕೆರೆಯೋನು ಅವನೇ ಅಲ್ವಾ?"

ಅವನು ಹಿಂದಿರುಗಿ ಉಳಿ ಸುತ್ತಿಗೆ ತಂದ. "ಯಾರನ್ನಾದ್ರೂ ಕರೀಲಾ?" ಎಂದು ಗುಲ್ಸುಮ್ ಕೇಳಿದಳು. "ಬೇಡ. ಊರಿನ ಕಲ್ಲು ಊರೋರ್ದು. ಇದು ನಂದು."

ಬಿರುಕಿಗೆ ಜೇಡಿ ಮೆತ್ತಿ ನೀರನ್ನು ತಡೆದು, ಒಡೆಯತೊಡಗಿದ. ಮೇಲಿನ ಪದರ ಹಸಿ ಗಿಣ್ಣಿನಂತೆ ಬಂತು, ಒಳಗಿನದು ಕಬ್ಬಿಣ. ಒಡೆದ ಕಡೆ ಪಟ್ಟೆಗಳು ಕಂಡವು: ಚಳಿಗಾಲದ ಬಿಳಿ, ಬೇಸಿಗೆಯ ಧೂಳು ಬೆರೆತ ಕಂದು, ಮತ್ತೆ ಬಿಳಿ. ಒಂದೊಂದು ಜೋಡಿಯೂ ಅವನು ನಾಳೆ ಎಂದ ಒಂದೊಂದು ವರ್ಷ. ನಡುವೆ ಹಿಪ್ಪುನೇರಳೆಯ ಎಲೆಯೊಂದು ನರವೂ ಮಾಸದೆ ಕಲ್ಲಾಗಿ ಕುಳಿತಿತ್ತು. ಅವನು ಮತ್ತೆ ಮತ್ತೆ ಕುಳಿತ, ಅಳುವುದಕ್ಕಲ್ಲ, ಉಸಿರಿಗಾಗಿ. ಅವಳ ಉಸಿರು ಅಷ್ಟರವರೆಗೆ ಉಳಿದೀತೇ ಎಂಬ ಒಂದೇ ಭಯ.

ಮಧ್ಯಾಹ್ನದ ನಂತರದ ನಮಾಜಿನ ಕರೆ ಕೇಳುವಾಗ ಹಲಗೆ ಬಿಡುಗಡೆಯಾಯಿತು. ಚಿಲಕ ಮುರಿಯಬೇಕಾದೀತೆಂದು ಅವನು ಭುಜ ಕೊಟ್ಟು ನೂಕಿದ. ಬಾಗಿಲು ತೆರೆದುಕೊಂಡಿತು. ಚಿಲಕ ಹಿಂದಕ್ಕೆ ಸರಿದೇ ಇತ್ತು. ಎಷ್ಟೋ ವರ್ಷಗಳ ತುಕ್ಕು ಅದನ್ನು ಹಾಗೆಯೇ ಕಚ್ಚಿ ಹಿಡಿದಿತ್ತು.

ಅವನು ಹಾಸಿಗೆಯ ಬಳಿಗೆ ಬಂದಾಗ ಜೆಲಿಹಾ ಕಣ್ಣು ತೆರೆದಳು. "ಕೈ ತೊಳೆದ್ಯಾ?"

"ಇಲ್ಲ ಅಕ್ಕ."

"ಹಾಗೇ ಕೊಡು." ಆ ಸುಣ್ಣದ ಕೈಯನ್ನು ಅವಳು ಕೆನ್ನೆಗೊತ್ತಿಕೊಂಡಳು. "ಹಲಾಲ್ ಮಾಡಿದ್ಯಾ?"

"ಮಾಡ್ದೆ. ನೀನು?"

"ಮದ್ವೆ ರಾತ್ರೀನೇ ಚಿಲಕ ತೆಗ್ದಿಟ್ಟಿದ್ದೆ. ಒಂದ್ಸಲ ನೂಕಿ ನೋಡ್ಬಾರ್ದಿತ್ತಾ, ದಡ್ಡಾ."

"ದಣಿದಿದ್ದೆ ಅಕ್ಕ."

"ನಾನೂನೂ ಕಣೋ."

ದಾಳಿಂಬೆ ಕೊಯ್ಲಿಗೆ ಮೊದಲೇ ಅವಳು ಹೋದಳು. ವೈಸೆಲ್ ಆಮೇಲೂ ಬಾಳಿದ, ಆಮೇಲೂ ದಣಿದ. ಆದರೆ ಎಷ್ಟೇ ಸೋತು ಬಂದರೂ, ಸಂಜೆಯ ನಮಾಜಿಗೆ ಕೈಕಾಲು ತೊಳೆಯುವ ಮುನ್ನ ಆ ಹೊಸ್ತಿಲನ್ನು ಅಂಗೈಯಿಂದ ಒರೆಸುತ್ತಿದ್ದ.

ಕೇಳಿದವರೇ, ನೀವೂ ದಣಿದಿದ್ದೀರಿ, ನನಗೆ ಗೊತ್ತು. ಆದರೂ ಇವತ್ತಿನ ಕೆನೆಯನ್ನು ಇವತ್ತೇ ಒರೆಸಿ ಮಲಗಿ. ನೀವು ಮುಚ್ಚಿದೆಯೆಂದುಕೊಂಡ ಬಾಗಿಲೊಂದಿದ್ದರೆ, ದಯಮಾಡಿ ಎದ್ದುಹೋಗಿ ಒಮ್ಮೆ ನೂಕಿ ನೋಡಿ.