ಹಮೀದನ ಪುಟ

ಇಂಥದ್ದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಸತ್ತವರು ಕನಸಿನಲ್ಲಿ ಬಂದು ಹೇಳಿದರು, ದೂರದಲ್ಲಿದ್ದವರು ಹೆಸರು ಹಿಡಿದು ಕರೆದಂತಾಯಿತು ಎಂದು ಯಾರಾದರೂ ಹೇಳಿದರೆ ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆ, ಒಳಗೊಳಗೆ ನಗುತ್ತಿದ್ದೆ. ನನ್ನ ಕೆಲಸವೂ ಹಾಗೆಯೇ. ಕಂಪ್ಯೂಟರಿನಲ್ಲಿ ಏನಾದರೂ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಸಿಗದಿದ್ದರೆ ಹುಡುಕಿದವನದೇ ತಪ್ಪು. ಈಗಲೂ ಹೆಚ್ಚುಕಡಿಮೆ ಹಾಗೆಯೇ ಎಣಿಸುತ್ತೇನೆ, ಒಂದು ಮಧ್ಯಾಹ್ನವನ್ನು ಬಿಟ್ಟು.

ಎರಡು ಸಾವಿರದ ಎಂಟು, ಒಂಬತ್ತರ ಸುಮಾರಿಗೆ ನಮ್ಮ ಗಡಿನಾಡಿನ ವಿದ್ಯಾನಗರದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಎಲ್ಲೋ ದೂರದ ಕಂಪೆನಿಯೊಂದರಿಂದ ಬಾಡಿಗೆಗೆ ಪಡೆದ ಒಂದೇ ಸರ್ವರಿನಲ್ಲಿ ನನ್ನ ಹನ್ನೊಂದು ಸೈಟ್‌ಗಳಿದ್ದವು. ಒಂದೇ ಕಟ್ಟಡದಲ್ಲಿ ಹನ್ನೊಂದು ಬಾಡಿಗೆಯವರು ಇದ್ದ ಹಾಗೆ. ಹೊರಗಿನಿಂದ ಬಂದವರು ಯಾರ ಹೆಸರು ಹೇಳುತ್ತಾರೋ ಅವರ ಬಾಗಿಲನ್ನು ಸರ್ವರ್ ತೋರಿಸಬೇಕು. ಹೆಸರು ಅರ್ಥವಾಗದಿದ್ದರೆ ಪಟ್ಟಿಯಲ್ಲಿ ಮೊದಲು ಇರುವವರ ಬಾಗಿಲು ತೋರಿಸುತ್ತದೆ. ಅದು ಅದರ ನಿಯಮ.

ನನ್ನ ಜೊತೆ ಕೆಲಸಕ್ಕಿದ್ದವಳು ನಫೀಸಾ ಒಬ್ಬಳೇ. ಊರು ವರ್ಕಾಡಿ. ತಾಯಿ ಬೀಡಿ ಕಟ್ಟುತ್ತಿದ್ದರು. ಅವಳ ಅಣ್ಣ ಹಮೀದ್ ಗಲ್ಫಿಗೆ ಹೋಗಿ ಕಟ್ಟಡಗಳಿಗೆ ಪೇಂಟ್ ಹೊಡೆಯುವ ಕೆಲಸದಲ್ಲಿದ್ದ. ಎರಡು ವರ್ಷ ಶುಕ್ರವಾರ ತಪ್ಪದೆ ಫೋನ್ ಮಾಡಿದವನು ಒಂದು ಶುಕ್ರವಾರ ಮಾಡಲಿಲ್ಲ. ಆಮೇಲೆ ಮಾಡಲೇ ಇಲ್ಲ. ಕೋಣೆಯಲ್ಲಿ ಜೊತೆಗಿದ್ದವರನ್ನು ವಿಚಾರಿಸಿದರೆ, ಬೇರೆ ಕೆಲಸ ಸಿಕ್ಕಿತೆಂದು ಹೋದ, ಎಲ್ಲಿಗೆಂದು ಗೊತ್ತಿಲ್ಲ ಎಂದರಂತೆ.

"ಅಣ್ಣ, ಸರ್ವರಿನಲ್ಲಿ ಒಂದು ಪುಟದ ಜಾಗ ಕೊಡ್ತೀರಾ?" ಎಂದು ಅವಳು ನನ್ನನ್ನು ಕೇಳಿದಳು. ಅವನ ಹೆಸರಿನಲ್ಲೇ ಒಂದು ವಿಳಾಸ ಮಾಡಿಸಿ, ಹನ್ನೆರಡನೆಯದಾಗಿ ಪಟ್ಟಿಯ ಕೊನೆಗೆ ಸೇರಿಸಿದೆ. ನೀಲಿ ಅಂಗಿಯ ಒಂದು ಫೋಟೋ. ಎಡಹುಬ್ಬಿನ ಮೇಲೆ ಗಾಯದ ಗೆರೆ. ಕೆಳಗೆ ಕನ್ನಡ, ಮಲಯಾಳ, ಇಂಗ್ಲಿಷಿನಲ್ಲಿ, ಇವನನ್ನು ಕಂಡವರು ದಯವಿಟ್ಟು ತಿಳಿಸಿ ಎಂಬ ಸಾಲು ಮತ್ತು ಅವಳ ಮೊಬೈಲ್ ನಂಬರು.

ದಿನವೂ ಸಂಜೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಕೇಳುತ್ತಿದ್ದಳು, "ಇವತ್ತು ಎಷ್ಟು ಜನ ನೋಡಿದ್ದಾರೆ?"

"ಒಂಬತ್ತು."

"ಅದರಲ್ಲಿ ಆರು ಸಲ ನಾನೇ ನೋಡಿದ್ದು," ಎಂದು ಮೆಟ್ಟಿಲಿಳಿದು ಹೋಗುತ್ತಿದ್ದಳು.

ಹಾಗೆ ವರ್ಷ ಕಳೆಯಿತು. ಒಂದು ದಿನ ತಾಯಿಯನ್ನು ಕರೆದುಕೊಂಡು ಕಲೆಕ್ಟರೇಟಿನಲ್ಲಿ ಇನ್ನೊಂದು ಅರ್ಜಿ ಕೊಡಲಿಕ್ಕೆ ಉಂಟೆಂದು ಅವಳು ಮಧ್ಯಾಹ್ನದ ರಜೆ ಪಡೆದಿದ್ದಳು. ನಾನು ಬುತ್ತಿ ಬಿಚ್ಚುವ ಹೊತ್ತಿಗೆ ಮುಳ್ಳೇರಿಯದಿಂದ ಫೋನ್ ಬಂತು. ಅಲ್ಲಿನ ಆಯುರ್ವೇದದ ಡಾಕ್ಟರೊಬ್ಬರ ಸೈಟ್ ನಾನೇ ಮಾಡಿದ್ದು.

"ಎಂತ ಮಾರಾಯ್ರೆ ಇದು? ನಮ್ಮ ಸೈಟ್ ತೆರೆದರೆ ಯಾರದ್ದೋ ಫೋಟೋ ಬರ್ತದೆ!"

ತೆರೆದು ನೋಡಿದೆ. ಹಮೀದ್. ಅಡಿಕೆ ಸಸಿ ಮಾರುವವರದ್ದು ತೆರೆದೆ, ಮದುವೆ ಹಾಲಿನದ್ದು, ಶಾಲೆಯದ್ದು. ಎಲ್ಲದರಲ್ಲೂ ಅದೇ ನೀಲಿ ಅಂಗಿ. ಸರ್ವರ್ ಕೆಟ್ಟದ್ದೇ ಆಗಿದ್ದರೆ ಪಟ್ಟಿಯ ಮೊದಲನೆಯದಾದ ಅಡಿಕೆ ಸಸಿ ಬರಬೇಕಿತ್ತು, ಕೊನೆಯದಲ್ಲ. ಪಟ್ಟಿಯನ್ನು ಸಾಲುಸಾಲಾಗಿ ಓದಿದೆ. ಒಂದು ಚುಕ್ಕೆ ಕೂಡ ಆಚೀಚೆ ಆಗಿರಲಿಲ್ಲ. ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿದೆ. ಯಾರು ಏನು ಕೇಳಿದರು, ಏನು ಕೊಟ್ಟೆ ಎಂದು ಸರ್ವರ್ ಬರೆದಿಡುವ ದಾಖಲೆ ಇರುತ್ತದೆ. ಅದರಲ್ಲಿ, ಡಾಕ್ಟರರ ಪುಟ ಕೇಳಿದರು, ಡಾಕ್ಟರರ ಪುಟವನ್ನೇ ಕೊಟ್ಟಿದ್ದೇನೆ ಎಂದಿತ್ತು.

ಡಾಕ್ಟರು ಮತ್ತೆ ಫೋನ್ ಮಾಡಿದರು. "ಆ ಮುಖವನ್ನು ಮೊದಲು ತೆಗೀರಿ. ಇಲ್ಲಾಂದ್ರೆ ನಮಗೆ ನಿಮ್ಮ ಸೈಟೇ ಬೇಡ."

ನಾನು ತೆಗೆದೆ. ಎರಡು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಪಟ್ಟಿಯಿಂದ ಹಮೀದನ ಹೆಸರು ಅಳಿಸಿ, ಫೋಟೋ ಸಮೇತ ಅವನ ಪುಟವನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಸರ್ವರಿನಿಂದ ಪೂರ್ತಿ ಅಳಿಸಿಬಿಟ್ಟೆ. ಆಗ ಮನಸ್ಸಿನಲ್ಲಿ ನಫೀಸಾ ಇರಲಿಲ್ಲ. ಇದ್ದದ್ದು ಕಿರಿಕಿರಿ ಮಾತ್ರ. ಆ ಹುಡುಗಿಗೆ ಉಪಕಾರ ಮಾಡಲು ಹೋಗಿ ಇಷ್ಟೆಲ್ಲ ಆಯಿತಲ್ಲ ಎಂದು ಬೈದುಕೊಂಡದ್ದೂ ನೆನಪಿದೆ.

ಮತ್ತೆ ಡಾಕ್ಟರರ ಸೈಟ್ ತೆರೆದೆ. ಹಮೀದ್ ನನ್ನನ್ನೇ ನೋಡುತ್ತಿದ್ದ.

ತಿಳಿದವರು ಹೇಳಬಹುದು, ಒಮ್ಮೆ ನೋಡಿದ ಪುಟವನ್ನು ಕಂಪ್ಯೂಟರ್ ನೆನಪಿಟ್ಟುಕೊಂಡು ಮತ್ತೆ ತೋರಿಸುತ್ತದೆ ಎಂದು. ನನಗೂ ಹಾಗೆಯೇ ತೋರಿತು. ಕೆಳಗಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ಯಾವ ಸೈಟನ್ನೂ ಯಾರೂ ತೆರೆದವರಲ್ಲ. ಇಳಿದು ಹೋಗಿ ಅಲ್ಲಿ ತೆರೆದೆ. ಅಂಗಡಿಯವರು ನನ್ನ ಹೆಗಲ ಮೇಲಿಂದ ಬಗ್ಗಿ, "ಇದು ನಿಮ್ಮ ನಫೀಸಾನ ಅಣ್ಣ ಅಲ್ವಾ?" ಎಂದರು. ಸರ್ವರಿನಲ್ಲೇ ಇಲ್ಲದ ಫೋಟೋ ಅದು.

ಎರಡೂಮುಕ್ಕಾಲಿಗೆ ಎಲ್ಲವೂ ತಾನಾಗಿ ಸರಿಯಾಯಿತು. ನಾನು ಏನೂ ಮಾಡಿರಲಿಲ್ಲ.

ಮೂರು ಗಂಟೆಗೆ ನಫೀಸಾ ಓಡಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಮೊಬೈಲ್. ಹಿಂದೆ ಕಂಬಿ ಹಿಡಿದುಕೊಂಡು ತಾಯಿ.

"ಅಣ್ಣ, ಸಿಕ್ಕಿದ್ದಾನೆ!"

ಗಲ್ಫಿನ ಒಂದು ಆಸ್ಪತ್ರೆಯಿಂದ ಮಲಯಾಳಿ ನರ್ಸ್ ಒಬ್ಬಳು ಫೋನ್ ಮಾಡಿದ್ದಳು. ತನ್ನ ತಾಯಿಯ ಮಂಡಿನೋವಿಗೆಂದು ಮುಳ್ಳೇರಿಯದ ಆ ಡಾಕ್ಟರರ ನಂಬರ್ ಹುಡುಕಲು, ಊಟದ ಬಿಡುವಿನಲ್ಲಿ ಅವರ ಸೈಟ್ ತೆರೆದಿದ್ದಳಂತೆ. ಅವಳ ವಾರ್ಡಿನಲ್ಲಿ ಏಳು ತಿಂಗಳಿಂದ ಹೆಸರು, ಊರು ಗೊತ್ತಿಲ್ಲದ ಒಬ್ಬ ಪ್ರಜ್ಞೆಯಿಲ್ಲದೆ ಮಲಗಿದ್ದ. ಎತ್ತರದಿಂದ ಬಿದ್ದವನು, ಜೇಬಿನಲ್ಲಿ ಒಂದು ಕಾಗದವೂ ಇರಲಿಲ್ಲ. ಅವಳು ಹುಬ್ಬಿನ ಗೆರೆ ನೋಡಿ ಗುರುತು ಹಿಡಿದಿದ್ದಳು. ಪುಟ ತೆರೆದಾಗ ಅಲ್ಲಿ ಸರಿಯಾಗಿ ಒಂದು ಗಂಟೆ. ನಮ್ಮಲ್ಲಿ ಎರಡೂವರೆ.

ಅಂದು ಸಂಜೆ ನನ್ನ ಕೋಣೆಯಲ್ಲೇ, ನರ್ಸ್ ಅವನ ಕಿವಿಗೆ ಫೋನ್ ಹಿಡಿದಳು. ತಾಯಿ ಕುರ್ಚಿಯ ತುದಿಯಲ್ಲಿ ಕೂತು ತಮ್ಮ ಬ್ಯಾರಿ ಭಾಷೆಯಲ್ಲಿ, "ಮೋನೇ... ಮೋನೇ..." ಎಂದು ಮಗನನ್ನು ಕರೆದರು. ಆ ಕಡೆಯಿಂದ ಉಸಿರು ಮಾತ್ರ ಕೇಳಿಸುತ್ತಿತ್ತಂತೆ. ತುಟಿ ಸ್ವಲ್ಪ ಅಲುಗಿತು ಎಂದು ಆಮೇಲೆ ನರ್ಸ್ ಹೇಳಿದಳು. ಸಮಾಧಾನಕ್ಕೆ ಹೇಳಿದಳೋ ಏನೋ.

ಮೂರನೆಯ ದಿನ ಅವನು ತೀರಿಕೊಂಡ. ಅಲ್ಲೇ ದಫನ ಮಾಡಿದರು. "ಹೆಸರಿಲ್ಲದೆ ಹೋಗ್ಲಿಲ್ಲ, ಅಷ್ಟಾದರೂ ಆಯ್ತು," ಎಂದು ತಾಯಿ ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದೂವರೆ ತಿಂಗಳ ಮೇಲೆ ನಫೀಸಾ ಕೆಲಸಕ್ಕೆ ಮರಳಿದಳು. ಬಂದವಳೇ ಕೇಳಿದಳು, "ಅಣ್ಣ, ಆವತ್ತು ಎಲ್ಲಾ ಸೈಟಿನಲ್ಲೂ ಅವನ ಫೋಟೋ ಬಂದದ್ದು ನೀವು ಬೇಕಂತಲೇ ಮಾಡಿದ್ದಲ್ವಾ? ನಮಗೋಸ್ಕರ?"

"ನಾನಲ್ಲ ನಫೀಸಾ."

"ನೀವು ಹೇಳುವವರಲ್ಲ ಅಂತ ನನಗೆ ಗೊತ್ತುಂಟು," ಎಂದು ಕಣ್ಣೊರೆಸಿಕೊಂಡಳು. ನರ್ಸ್ ಪುಟ ತೆರೆದ ಹೊತ್ತಿಗೆ ನಾನು ಅವನನ್ನು ಅಳಿಸಿ ಇಪ್ಪತ್ತು ನಿಮಿಷವಾಗಿತ್ತು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ.

ಸರ್ವರಿನ ಕಂಪೆನಿಗೆ ಬರೆದು ಕೇಳಿದೆ. ಆ ದಿನ ಏನೂ ದೋಷ ಕಂಡಿಲ್ಲ ಎಂದು ಉತ್ತರ ಬಂತು. ಬೇರೊಂದು ಕಂಪ್ಯೂಟರಿನಲ್ಲಿ ಅದೇ ಹನ್ನೆರಡು ಸೈಟ್‌ಗಳನ್ನಿಟ್ಟು, ಗೊತ್ತಿರುವ ತಪ್ಪುಗಳನ್ನೆಲ್ಲ ಬೇಕೆಂದೇ ಮಾಡಿ ನೋಡಿದೆ. ಪ್ರತಿ ಸಲವೂ ಬಂದದ್ದು ಅಡಿಕೆ ಸಸಿ.

ನಫೀಸಾ ಮದುವೆಯಾಗಿ ಹೋದಳು. ಅವಳ ತಾಯಿ ಈಗಲೂ ಪ್ರತಿ ಪೆರ್ನಾಳ್ ಹಬ್ಬಕ್ಕೆ ಯಾರ ಕೈಯಲ್ಲಾದರೂ ಒಂದು ಡಬ್ಬ ಅಕ್ಕಿ-ಬೆಲ್ಲದ ಕಲ್ತಪ್ಪ ಕಳಿಸುತ್ತಾರೆ. ಮಗನನ್ನು ತೋರಿಸಿಕೊಟ್ಟವರಿಗೆ ಎಂದು ಹೇಳಿ ಕಳಿಸುತ್ತಾರೆ. ನಾನು ತೆಗೆದುಕೊಳ್ಳುತ್ತೇನೆ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತದೆ.