ನೆಗೆಣ್ಣಿ ಬಾಯಿ ಮುಚ್ಚಿದ ಮಧ್ಯಾಹ್ನ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಹಿಮಾಲಯದ ಒಂದು ಬೆಟ್ಟದಲ್ಲಿ ನನ್ನ ನೆಗೆಣ್ಣಿ ನನ್ನ ಕೈಯಲ್ಲೇ ಸಾಯುವುದರಲ್ಲಿದ್ದಳು. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳಿರಬಹುದು. ನಮ್ಮ ವಯಸ್ಸು ಆಧಾರ್ ಕಾರ್ಡಿನವರು ಬರೆದದ್ದು, ನಮಗೆ ಗೊತ್ತಿದ್ದದ್ದಲ್ಲ.

ಇಬ್ಬರೂ ಪೋತ್ನಾಳ ಸುತ್ತಿನ ಗದ್ದೆಗಳಲ್ಲಿ ನೆಲ್ಲು ಹಚ್ಚಿ ಮುದುಕಿಯರಾದವರು. ಬಗ್ಗಿ, ಹಿಂದಕ್ಕೆ ಸರಿಯುತ್ತ, ಕೆಸರಿನಲ್ಲಿ ಸಸಿ ಊರುವ ಕೂಲಿ. ಸಾಲಿನಲ್ಲಿ ಅವಳು ಯಾವಾಗಲೂ ನನ್ನ ಎಡಕ್ಕೆ. ಸೊಂಟದ ನೋವು ಮರೆಯಲು ಬೇರೆ ಹೆಂಗಸರು ಹಾಡುತ್ತಿದ್ದರು. ನಮಗೆ ಹಾಡು ಬರುತ್ತಿರಲಿಲ್ಲ. ನಾವು ಬೈದುಕೊಳ್ಳುತ್ತಿದ್ದೆವು. ನಾನು ಅವಳ ತವರನ್ನು ಬೈದರೆ ಅವಳು ನನ್ನ ತವರು ಜಾಲಹಳ್ಳಿಯನ್ನು ಬೈಯುತ್ತಿದ್ದಳು. ಒಬ್ಬಳು ಬೈದದ್ದಕ್ಕೆ ಇನ್ನೊಬ್ಬಳು ಉತ್ತರ ಕೊಡದೆ ಬಿಟ್ಟರೆ ಅವಳಿಗೆ ಮೈ ಸರಿಯಿಲ್ಲ ಎಂದು ಇಡೀ ಸಾಲಿಗೆ ಗೊತ್ತಾಗುತ್ತಿತ್ತು.

ಅವಳ ಮಗಳು ಮಾನ್ವಿಯಲ್ಲಿ ಹೈಸ್ಕೂಲ್ ಟೀಚರು, ಮನೆ ಮಾಡಿರುವುದು ರಾಯಚೂರಲ್ಲಿ. ನಮ್ಮ ಮನೆತನದಲ್ಲಿ ಕೆಸರಿಗೆ ಇಳಿಯದೆ ಉಂಡವಳು ಅವಳೇ ಮೊದಲು. ಬೇಸಿಗೆ ರಜೆಯಲ್ಲಿ ಜೊತೆಯ ಟೀಚರುಗಳೆಲ್ಲ ಬೆಟ್ಟ ಹತ್ತಲು ಹೊರಟಾಗ ತಾಯಿಯನ್ನೂ ನನ್ನನ್ನೂ ಹೊರಡಿಸಿದಳು.

“ಹೊಸಬ್ರು ಹತ್ತೋ ದಾರಿ ಐತಿ ದೊಡ್ಡವ್ವಾ. ಸಣ್ಣ ಹುಡುಗ್ರು ಸೈತ ಹೋಗ್ತಾರ. ಹೂವಿನ ಅಡವಿ ಅದ, ನಡುವ ನಡುವ ಊರು ಅದಾವ. ನಿಧಾನಕ ಬಂದ್ರಾತು.”

“ನಿಮ್ಮವ್ವ ಸಂತಿಗೆ ಹೋಗಿ ಬಂದ್ರ ಎರಡು ದಿನ ಮಲಗ್ತಾಳ” ಎಂದೆ.

ನೆಗೆಣ್ಣಿ ಒಳಗಿನಿಂದ ಕೂಗಿದಳು. “ಆಕಿ ಬರಲಿಲ್ಲಂದ್ರ ಬಿಡಬೇ. ಮಣಕಾಲು ಇಲ್ಲದಾಕಿನ್ನ ಯಾರು ಹೊರತಾರ ಅಲ್ಲಿ.”

ಅದನ್ನು ಕೇಳಿದ ಮೇಲೆ ಹೋಗದೆ ಇರಲು ಆಗಲಿಲ್ಲ.

ರೈಲು, ಬಸ್ಸು, ಜೀಪು ಎಲ್ಲ ಹತ್ತಿ ಇಳಿದು ನಡೆಯಲು ಶುರು ಮಾಡಿದೆವು. ಮೊದಲ ದಿನ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮರಗಳ ತುಂಬ ಕೆಂಪು ಹೂ. ಅಲ್ಲಿಯವರು ಬುರಾಂಶ್ ಅನ್ನುತ್ತಾರೆ. ದೇವದುರ್ಗದ ಕಡೆ ಮುತ್ತುಗ ಬಿಟ್ಟಾಗ ಗಿಡದಲ್ಲಿ ಎಲೆ ಇರುವುದಿಲ್ಲ, ಬರೀ ಹೂ. ಇಲ್ಲಿ ದಪ್ಪ ಹಸಿರೆಲೆಯ ನಡುವೆ ಮುಷ್ಟಿಯಷ್ಟು ಗೊಂಚಲು. ಉದುರಿದ ಹೂವಿನ ಮೇಲೆ ಕಾಲಿಟ್ಟರೆ ಜಾರುತ್ತಿತ್ತು. ಟೀಚರುಗಳು ಫೋಟೊ ತೆಗೆದುಕೊಂಡರು. ನನ್ನ ನೆಗೆಣ್ಣಿ ಸೀರೆಯ ಒಳಗೆ ಮಗಳು ಕೊಡಿಸಿದ ಪ್ಯಾಂಟು, ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಅದರ ಮೇಲೆ ಸ್ವೆಟರ್ ಹಾಕಿದ್ದಳು. ಒಂದು ಗೊಂಚಲು ಕಿವಿಗೆ ಸಿಕ್ಕಿಸಿಕೊಂಡು ನಿಂತಳು.

“ಯಕ್ಕಾ, ಹೆಂಗ ಕಾಣಾಕತ್ತೀನಿ?”

“ಬೆದರುಗೊಂಬಿಗೆ ಹೂ ಮುಡಿಸಿದಂಗ.”

“ನಿನ್ನ ಮಾರಿಗೆ ಅದೂ ಇಲ್ಲ.”

ದಾರಿಯಲ್ಲಿ ಸಿಕ್ಕ ಊರುಗಳೆಲ್ಲ ಸಣ್ಣವು. ಕಲ್ಲಿನ ಮನೆ, ಕೆಳಗೆ ದನ, ಮೇಲೆ ಜನ. ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಕಾಡಿನಿಂದ ಒಣ ಎಲೆ ಹೊತ್ತು ತರುತ್ತಿದ್ದರು, ದನದ ಕೆಳಗೆ ಹಾಸಲು. ಗಂಡಸರು ಕಟ್ಟೆ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದರು. ನಮ್ಮ ಊರೇ ಅನ್ನಿಸಿತು.

ಎರಡನೆಯ ದಿನ ಏರು ಜಾಸ್ತಿ. ಮುಂದೆ ಒಬ್ಬ ಗೈಡ್, ಹಿಂದೆ ಒಬ್ಬ. ಹಿಂದಿನವನು ನಮ್ಮಂಥ ನಿಧಾನದವರನ್ನು ಕರೆತರುವವನು, ನಡುವಯಸ್ಸಿನ ಗಂಡಸು, ಮಾತು ಕಡಿಮೆ. ಮಗಳು ಟೀಚರುಗಳ ಜೊತೆ ಮುಂದೆ ಹೋಗಿದ್ದಳು. ಕಾಡು ದಾಟಿ ಹುಲ್ಲಿನ ಬಯಲಿಗೆ ಬಂದಾಗ ಸುಡುಸುಡು ಬಿಸಿಲು. ಗಾಳಿ ತಣ್ಣಗೆ, ಬಿಸಿಲು ಮಾತ್ರ ಚುಚ್ಚುವಂಥದ್ದು. ನೆಗೆಣ್ಣಿ ನಿಂತುಬಿಟ್ಟಳು.

“ತಲಿ ಸಿಡಿಯಾಕತ್ತದ ಯಕ್ಕಾ. ಕಣ್ಣಿಗೆ ಕತ್ತಲಿ ಬರಾಕತ್ತದ.”

“ಬಿಸಲು ಬಡದದ” ಎಂದೆ.

ನಮಗೆ ಬೇರೆ ಏನು ಗೊತ್ತು? ನಮ್ಮ ಕಡೆ ತಲೆ ಸಿಡಿದು ಕಣ್ಣು ಕತ್ತಲಾದರೆ ಅದು ಬಿಸಿಲು ಬಡಿದದ್ದೇ. ಅದಕ್ಕೆ ಮಾಡುವುದೂ ಒಂದೇ. ಟವೆಲ್ ನೀರಲ್ಲಿ ಅದ್ದಿ ತಲೆಗೆ ಬಿಗಿದು, ಕತ್ತಿಗೆ ಎದೆಗೆ ನೀರು ಸುರಿಯುವುದು. ಹೊಲದಲ್ಲಿ ಹೀಗೆ ಮಾಡಿದ ಮೇಲೆ ಎದ್ದು ಕೂತು ಮತ್ತೆ ಕೆಲಸಕ್ಕೆ ಇಳಿದವರನ್ನು ಕಂಡಿದ್ದೇನೆ.

ಅವಳಿಗೆ ಒಂದಕ್ಕೂ ಹೋಗಬೇಕಿತ್ತು. ಗೈಡ್‌ಗೆ ಮುಂದೆ ಹೋಗು, ನಾವು ಬರುತ್ತೇವೆ ಎಂದೆ. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಮುಸ್ಲಿಂ ಹೆಂಗಸರ ಜೊತೆ ಕೆಲಸ ಮಾಡಿ ನನಗೆ ಅಷ್ಟು ಹಿಂದಿ ಬರುತ್ತದೆ. ಅವನು ತಿಳಿದುಕೊಂಡು ತಿರುವಿನಾಚೆ ಹೋಗಿ ನಿಂತ. ಗಂಡಸಿನ ಕಣ್ಣಿಗೆ ಮಾತ್ರವಲ್ಲ, ಕಿವಿಗೂ ದೂರ ಹೋಗಿ ಕೂರುವುದು ನಮ್ಮ ಅಭ್ಯಾಸ. ಬಯಲಲ್ಲಿ ಮರೆ ಇರಲಿಲ್ಲ. ಇಳಿಜಾರಿನ ಕೆಳಗೆ ಪೊದೆಗಳು ಕಂಡವು, ನೀರು ಹರಿಯುವ ಸಪ್ಪಳವೂ ಬಂತು. ಇಳಿಯುತ್ತ ಇಳಿಯುತ್ತ ಬಹಳ ಕೆಳಗೆ ಹೋದೆವು.

ಅಲ್ಲಿ ಸಣ್ಣ ಹಳ್ಳ. ಅವಳು ಟವೆಲ್ ಅದ್ದಿದಳು, ನಾನು ಅವಳ ತಲೆಗೆ ಬಿಗಿದು ಕಟ್ಟಿದೆ. ಸ್ವೆಟರ್ ಬಿಚ್ಚಿ ಕತ್ತಿಗೂ ಎದೆಗೂ ನೀರು ಸುರಿದುಕೊಂಡಳು. ಅಂಗಿ ತೊಯ್ಯಿತು. “ಈಗ ಜೀವ ಬಂತು ನೋಡು” ಎಂದು ಕಲ್ಲಿಗೆ ಒರಗಿದಳು. ನನಗೆ ತಲೆನೋವು ಇರಲಿಲ್ಲ. ಬರೀ ಮುಖ ತೊಳೆದೆ.

ಅಷ್ಟರಲ್ಲಿ ಬಿಸಿಲು ಹೋಯಿತು. ಮೋಡ ಮೇಲಿನಿಂದ ಬರಲಿಲ್ಲ, ಕೆಳಗಿನಿಂದ ಬಂತು. ಕಣಿವೆಯಿಂದ ಹೊಗೆಯ ಹಾಗೆ ಎದ್ದು ನಮ್ಮನ್ನು ಮುಚ್ಚಿತು. ಹಿಂದೆಯೇ ಆಲಿಕಲ್ಲು. ಶೇಂಗಾ ಬೀಜದಷ್ಟು ದಪ್ಪ, ಚಟಚಟ ಹೊಡೆತ. ಎದ್ದು ಮೇಲೆ ಹತ್ತಲು ನೋಡಿದೆವು. ಯಾವುದು ಮೇಲೆ, ಯಾವುದು ದಾರಿ ತಿಳಿಯಲಿಲ್ಲ. ಗೈಡ್‌ನನ್ನು ಕೂಗಿದೆ. ಆಲಿಕಲ್ಲಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಅವನು ನಮ್ಮನ್ನು ಮೇಲೆಯೇ ಹುಡುಕುತ್ತಿದ್ದನಂತೆ. ಅಷ್ಟು ಕೆಳಗೆ ಯಾರಾದರೂ ಇಳಿದಿರುತ್ತಾರೆ ಎಂದು ಅವನಿಗೆ ಹೊಳೆಯಲಿಲ್ಲ.

ನೆಗೆಣ್ಣಿ ನಡುಗತೊಡಗಿದಳು. ಹಲ್ಲು ಕಟಕಟ. ಸ್ವೆಟರನ್ನು ಒದ್ದೆ ಅಂಗಿಯ ಮೇಲೆಯೇ ಹಾಕಿಸಿದೆ. ತಲೆಯ ಟವೆಲ್ ಹಾಗೇ ಇತ್ತು. ಆಲಿಕಲ್ಲಿನಿಂದ ತಲೆಗೆ ಮರೆಯಾದರೂ ಆಗಲಿ ಎಂದು ಅದನ್ನು ಇನ್ನಷ್ಟು ಬಿಗಿದೆ.

“ನಡಿಯಲೇ, ಮಾನ್ವಿ ಟೀಚರಮ್ಮನವ್ವ. ಎಮ್ಮಿಯಂಗ ನಿಂತೀಯಲ್ಲ.”

“ನಿಮ್ಮ ಜಾಲಹಳ್ಳ್ಯಾಗ ಎಮ್ಮಿ ನಿಮಗಿಂತ ಚಂದ ಅದಾವ” ಎಂದಳು. ಆಗ ಇನ್ನೂ ಧೈರ್ಯ ಇತ್ತು ನನಗೆ.

ನೀರು ಹೋಗುವ ಕಡೆ ಊರಿರಬೇಕು ಎಂದುಕೊಂಡು ಹಳ್ಳದ ಗುಂಟ ಇಳಿಯತೊಡಗಿದೆ. ಅವಳ ಕೈ ಹಿಡಿದು ಎಳೆಯುತ್ತಿದ್ದೆ. ಎರಡು ಹೆಜ್ಜೆಗೊಮ್ಮೆ ಜಾರುತ್ತಿದ್ದಳು. ಬೈದೆ. ಉತ್ತರ ಬಂತು, ತಡವಾಗಿ. ಮತ್ತೆ ಬೈದೆ. ಅರ್ಧ ಉತ್ತರ ಬಂತು, ಕುಡಿದವರ ಮಾತಿನ ಹಾಗೆ. ನಡುಕ ನಿಂತಿತು. ನಡುಕ ನಿಂತದ್ದು ಒಳ್ಳೆಯದೆಂದು ಖುಷಿಪಟ್ಟೆ. ಆಮೇಲೆ ಅವಳು ಕೂತುಬಿಟ್ಟಳು.

“ಏಳಲೇ.”

ಏಳಲಿಲ್ಲ.

“ನಿಮ್ಮಪ್ಪ ನಿನ್ನ ಮದುವಿಯಾಗ ಕೊಟ್ಟ ಮೊಂಡ ಮಚ್ಚಿನಂಗ ಅದಿಯಲ್ಲಲೇ. ಏನರ ಅನ್ನಲೇ.”

ಅದಕ್ಕೆ ಅವಳು ಒಮ್ಮೆಯೂ ಉತ್ತರ ಕೊಡದೆ ಬಿಟ್ಟವಳಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ನೋಡುವ ಕಣ್ಣಿನಲ್ಲಿ ನಾನು ಇರಲಿಲ್ಲ.

ಹೊರಲು ನೋಡಿದೆ. ಮೂಟೆ ಹೊತ್ತ ಬೆನ್ನು, ಆದರೆ ಆ ಮೂಟೆಗಳು ಮೊದಲಿನ ಕಾಲದವು. ಇಬ್ಬರೂ ಬಿದ್ದೆವು. ಒಂದು ಬುರಾಂಶ್ ಮರದ ಬುಡಕ್ಕೆ ಎಳೆದು ಒರಗಿಸಿದೆ. ಬಿಳಿ ಆಲಿಕಲ್ಲಿನ ಮೇಲೆ ಹೊಡೆತಕ್ಕೆ ಉದುರಿದ ಕೆಂಪು ಹೂ ಹರಡಿ ಬಿದ್ದಿತ್ತು. ಆ ಹೂವನ್ನು ಕಂಡರೆ ಕಾಲಲ್ಲಿ ಒದೆಯಬೇಕು ಅನ್ನಿಸಿತು. ಒದ್ದೆ ಕೂಡ.

ಇವಳನ್ನು ಇಲ್ಲೇ ಬಿಟ್ಟು ಹೋಗಿ ಯಾರನ್ನಾದರೂ ಕರೆತರಬೇಕು ಎಂದು ಹೊರಟೆ. ನಾಲ್ಕು ಮಾರು ಹೋಗಿ ತಿರುಗಿದರೆ ಮಂಜಿನಲ್ಲಿ ಅವಳು ಕಾಣಲಿಲ್ಲ. ಇನ್ನೊಂದಿಷ್ಟು ಹೋದರೆ ಮರಳಿ ಇದೇ ಮರ ಸಿಗುವುದಿಲ್ಲ. ತಡಕಾಡಿ ವಾಪಸು ಬಂದೆ. ಹೋದರೆ ಒಬ್ಬಳೇ ಸಾಯುತ್ತಾಳೆ, ಕೂತರೆ ನನ್ನ ಕಣ್ಣ ಮುಂದೆ ಸಾಯುತ್ತಾಳೆ. ಮಗಳಿಗೆ ಏನು ಹೇಳುವುದು? ಈ ಹೆಣವನ್ನು ರಾಯಚೂರಿಗೆ ಹೇಗೆ ಒಯ್ಯುವುದು? ಇದೆಲ್ಲ ಯೋಚನೆ ಬಂತು. ದೇವರು ನೆನಪಾಗಲಿಲ್ಲ.

ಮಾಡಲು ಬೇರೆ ಏನೂ ತೋಚದೆ ಅವಳ ಪಕ್ಕ ಕೂತು ಬೈಯತೊಡಗಿದೆ. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೇಳುವ ಗಂಟಲು ನನ್ನದು. ಅವಳ ತವರು, ಅವಳ ಗಂಡ, ಅವಳ ಅಡುಗೆ, ಯಾವುದನ್ನೂ ಬಿಡಲಿಲ್ಲ. ಬೈದು ನಿಲ್ಲಿಸಿ ಉತ್ತರಕ್ಕೆ ಕಾಯುತ್ತಿದ್ದೆ. ಬರುತ್ತಿರಲಿಲ್ಲ. ಅವಳ ಪಾಲಿನದನ್ನೂ ನಾನೇ ಬೈದುಕೊಂಡೆ, ಅವಳ ದನಿಯಲ್ಲಿ. ಗಂಟಲು ಒಡೆಯಿತು.

ಮಂಜಿನಿಂದ ಒಬ್ಬ ಹೆಂಗಸು ಬಂದಳು. ಬೆನ್ನಿಗೆ ಎಲೆಯ ಬುಟ್ಟಿ, ಕೈಯಲ್ಲಿ ಕುಡುಗೋಲು. ಇಬ್ಬರು ಹೆಂಗಸರು ಕಾಡಲ್ಲಿ ಜಗಳಾಡುತ್ತಿದ್ದಾರೆ, ಬಿಡಿಸೋಣ ಎಂದು ಬಂದಳಂತೆ. ನೆಗೆಣ್ಣಿಯನ್ನು ನೋಡಿದವಳೇ ಬುಟ್ಟಿ ಇಳಿಸಿ, ಮೊದಲು ತಲೆಯ ಟವೆಲ್ ಕಿತ್ತು ಎಸೆದಳು. ಒದ್ದೆ ಬಟ್ಟೆ ಯಾರು ಕಟ್ಟಿದ್ದು ಎಂದು ನನ್ನ ಮೇಲೆ ರೇಗಿದಳು. ತನ್ನ ತಲೆಯ ಉಣ್ಣೆಯ ಬಟ್ಟೆ ಬಿಚ್ಚಿ ಅವಳಿಗೆ ಸುತ್ತಿದಳು. ಆಗಲೇ ನನಗೆ ತಿಳಿದದ್ದು, ಇದು ಬಿಸಿಲಿನ ಕಾಯಿಲೆ ಅಲ್ಲ, ಥಂಡಿ ಹಿಡಿದದ್ದು ಎಂದು.

ಒಂದೊಂದು ತೋಳು ಒಬ್ಬೊಬ್ಬರ ಹೆಗಲಿಗೆ ಹಾಕಿಕೊಂಡು ಎಳೆದೆವು. ಅವಳ ಮನೆ ಹತ್ತಿರವೇ ಇತ್ತು. ಮೇಲಿನ ಮನೆಗೆ ಮೆಟ್ಟಿಲು ಹತ್ತಿಸಲು ಆಗಲಿಲ್ಲ. ಕೆಳಗೆ ದನ ಕಟ್ಟುವಲ್ಲೇ, ಒಣ ಎಲೆಯ ಮೇಲೆ ಮಲಗಿಸಿದೆವು. ಎರಡು ಹಸು, ಒಂದು ಕರು. ಒಳಗೆ ಬೆಚ್ಚಗಿತ್ತು. ಬಟ್ಟೆ ಬಿಚ್ಚಿದೆವು. ಪ್ಯಾಂಟು, ಲಂಗ, ಸೀರೆ ಎಲ್ಲದರಲ್ಲೂ ಉಚ್ಚೆ ಹೊಯ್ದುಕೊಂಡಿದ್ದಳು. ಆ ಹೆಂಗಸು ಮುಖ ಕಿವುಚಲಿಲ್ಲ. ಮೇಲಿನಿಂದ ಕಂಬಳಿಗಳನ್ನು ತಂದಳು. ನಾನು ಕೈಕಾಲು ತಿಕ್ಕಲು ಹೋದರೆ ಕೈ ತಡೆದಳು. ನನ್ನ ಸೀರೆಯನ್ನೂ ಬಿಚ್ಚಿಸಿ, ಅವಳಿಗೆ ಅಂಟಿಕೊಂಡು ಮಲಗು ಎಂದಳು, ಮೈಗೆ ಮೈ ಹತ್ತಿಸಿ.

ಮಲಗಿದೆ. ಹೆಣವನ್ನು ಅಪ್ಪಿಕೊಂಡ ಹಾಗಿತ್ತು. ಇಷ್ಟು ವರ್ಷ ಪಕ್ಕಪಕ್ಕದಲ್ಲಿ ದುಡಿದಿದ್ದೇವೆ, ಹಬ್ಬಕ್ಕೂ ಅವಳನ್ನು ತಬ್ಬಿದವಳಲ್ಲ ನಾನು. ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡುತ್ತಿದ್ದೆ. ಇದೆ ಅನ್ನಿಸುತ್ತಿತ್ತು, ಆಮೇಲೆ ಅದು ಹಸುವಿನ ಉಸಿರು ಅನ್ನಿಸುತ್ತಿತ್ತು. ಗಂಟಲು ಹೋಗಿತ್ತು. ಪಿಸುಮಾತಿನಲ್ಲೇ ಕಿವಿಗೆ ಬೈಯುತ್ತಿದ್ದೆ. ಇನ್ನು ಬರುವುದಿಲ್ಲ ಉತ್ತರ ಎಂದು ಖಾತ್ರಿಯಾದ ಮೇಲೂ ಬೈದೆ.

ಎಷ್ಟು ಹೊತ್ತಾಯಿತೋ. ಅವಳ ಮೈ ಮತ್ತೆ ನಡುಗಲು ಶುರುವಾಯಿತು. ಆ ಹೆಂಗಸು ಒಳ್ಳೆಯದು ಎಂಬಂತೆ ತಲೆಯಾಡಿಸಿ ಬೆಲ್ಲದ ಚಹಾ ತರಲು ಎದ್ದಳು. ಅದರ ನಂತರ ನೆಗೆಣ್ಣಿಯ ತುಟಿ ಅಲ್ಲಾಡಿತು.

“ಸರಿಯತ್ತಲಾಗ. ನಿನ್ನ ಬಾಯಿ ನಾರಾಕತ್ತದ.”

ನಾನು ಸರಿಯಲಿಲ್ಲ.

ಸಂಜೆಗೆ ಗೈಡ್ ಊರೂರು ಕೇಳಿಕೊಂಡು ಬಂದ, ಅವನ ಹಿಂದೆ ಮಗಳೂ ಟೀಚರುಗಳೂ. ಮಗಳ ಮುಖ ಬೂದಿಯಾಗಿತ್ತು. “ಏನಾತು ದೊಡ್ಡವ್ವಾ?” ಎಂದು ಕೇಳಿದಳು. ಕಂಬಳಿಯ ಒಳಗೆ ನೆಗೆಣ್ಣಿ ನನ್ನ ತೊಡೆ ಚಿವುಟಿದಳು. ಅಷ್ಟು ಶಕ್ತಿ ಬಂದಿತ್ತು.

“ತಲಿಗಿ ನೀರು ಹಾಕ್ಕೊಂಡ್ವಿ. ಥಂಡಿ ಹತ್ತಿತು” ಎಂದೆ. ಅಷ್ಟೇ ಹೇಳಿದೆ.

ಅವರೆಲ್ಲ ಉಣ್ಣಲು ಮೇಲೆ ಹೋದ ಮೇಲೆ ನನ್ನ ಕಿವಿಯಲ್ಲಿ ಅಂದಳು: “ಆ ಟೀಚರ್‌ಗೋಳ ಮುಂದ ನನ್ನ ಮಾನ ಕಳೀಬ್ಯಾಡ ಯಕ್ಕಾ. ನನ್ನ ಮಗಳು ನಾಳಿಗೆ ಅವರ ಜೋಡಿ ಸಾಲಿಗೆ ಹೋಗಬೇಕು.” ಸಾವಿನ ಬಾಯಿಂದ ಬಂದವಳಿಗೆ ಅದರ ಚಿಂತೆ. ನಾನು ನಗಲಿಲ್ಲ. ಅವಳ ಜಾಗದಲ್ಲಿ ನನಗೂ ಅದೇ ಚಿಂತೆ. ಈಗ ಇದನ್ನು, ಅವಳ ಮಗಳು ಕಲಿಸಿದ ಅಕ್ಷರದಲ್ಲಿ, ಬರೆಯುತ್ತಿರುವುದು ಅವಳನ್ನು ಕೇಳಿಯೇ. “ಬರಿ, ನಿನ್ನ ಅಕ್ಷರ ಯಾರಿಗೆ ತಿಳಿತದ” ಎಂದಳು.

ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲು ಎದ್ದೆ. ಎಲೆಯ ರಾಶಿಯ ಹಿಂದೆ ಮುಚ್ಚಿಟ್ಟಿದ್ದ ಅವಳ ಪ್ಯಾಂಟು, ಲಂಗ, ಸೀರೆ ಗಂಟು ಕಟ್ಟಿ ಮನೆ ಹಿಂದಿನ ನೀರಿನ ಕೊಳವೆಗೆ ಒಯ್ದೆ. ಕಲ್ಲಿನ ಅಂಚಿಗೆ ನೀರು ಮಂಜುಗಡ್ಡೆಯಾಗಿ ಹಿಡಿದಿತ್ತು. ಸಾಬೂನು ಇರಲಿಲ್ಲ, ಒಲೆಯ ಬೂದಿ ಹಾಕಿ ತಿಕ್ಕಿದೆ. ವಾಸನೆ ಹೋಗುವವರೆಗೆ ಮತ್ತೆ ಮತ್ತೆ ಜಾಲಿಸಿ ಹಿಂಡಿ, ಬಿಸಿಲು ಮೊದಲು ಬೀಳುವ ಗೋಡೆಯ ಮೇಲೆ ಹರವಿದೆ. ಆಮೇಲೆ ಒಲೆಯ ಮುಂದೆ ಕೂತು ಬೆರಳು ಮಡಚಲು ಬರುವವರೆಗೆ ಕೈ ಕಾಯಿಸಿಕೊಂಡೆ.